ಓದುಗರ ಪ್ರಶ್ನೆ: ಮಗುವಿನ ಮೇಲಿನ ದೌರ್ಜನ್ಯದ ಖರ್ಚು ಯಾರ ತಲೆಯ ಮೇಲೆ?

ಮಕ್ಕಳ ಮೇಲಿನ ದೌರ್ಜನ್ಯದಿಂದ ಮನೆಗೂ ಸಮಾಜಕ್ಕೂ ಆಗುವ ನಷ್ಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಮಕ್ಕಳ ಪ್ರಕರಣಗಳನ್ನು ನಡೆಸುವ ವಕೀಲರೂ ಮಕ್ಕಳ ಮನೋವೈದ್ಯರೂ ಕೂಡಿ ಉತ್ತರಿಸಿದ್ದಾರೆ. ಬರೆದವರ ಹೆಸರು ಮತ್ತು ಹಳ್ಳಿ ಬಿಟ್ಟಿದ್ದೇವೆ, ಕೆಲವು ವಿವರ ಬದಲಿಸಿದ್ದೇವೆ. ನೊಂದ ಮಗುವಿನ ಗುರುತು ಹತ್ತುವಂಥದ್ದನ್ನು ಅಚ್ಚು ಹಾಕುವುದು ಪೋಕ್ಸೊ ಕಾಯ್ದೆಯ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) 23ನೇ ಕಲಮಿನಂತೆ ಅಪರಾಧ. ಪತ್ರಿಕೆಗೆ ಅದರಿಂದ ವಿನಾಯಿತಿ ಇಲ್ಲ.

ಪ್ರಶ್ನೆ: ಮಕ್ಕಳ ಮೇಲಿನ ಹಿಂಸೆಯ ನಷ್ಟ ಜಗತ್ತಿನ ಒಟ್ಟು ಉತ್ಪನ್ನದ ಶೇ 8ರವರೆಗೆ ಇರಬಹುದು ಎಂದು ಬರೆದಿದ್ದೀರಿ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವ. ವೋಚರ್ ಇಲ್ಲದೆ ಒಂದು ರೂಪಾಯಿ ಖರ್ಚೂ ಹಾಕುವುದಿಲ್ಲ. ಕಣ್ಣೀರಿಗೆ ವೋಚರ್ ಎಲ್ಲಿಂದ ತರುತ್ತೀರಿ?
— ಮುಧೋಳ ತಾಲ್ಲೂಕು

ಉತ್ತರ: ನಿಮ್ಮ ಅನುಮಾನದಲ್ಲಿ ತಪ್ಪಿಲ್ಲ. ಆ ಶೇ 8, ಅಂದರೆ 7 ಲಕ್ಷ ಕೋಟಿ ಡಾಲರ್, ಲಂಡನ್ನಿನ ಓವರ್‌ಸೀಸ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ 2014ರಲ್ಲಿ ಕೊಟ್ಟ ಗರಿಷ್ಠ ಅಂದಾಜು. ಮೇಲಿನ ಅಂಚಿನ ಅಂಕಿ ಅದು, ಸರಾಸರಿ ಅಲ್ಲ. ಭಾಷಣಕ್ಕೆ ಚೆನ್ನಾಗಿ ಒದಗುತ್ತದೆ, ಲೆಕ್ಕದ ಪುಸ್ತಕಕ್ಕೆ ಅಷ್ಟಾಗಿ ಒದಗುವುದಿಲ್ಲ.

ನಿಮ್ಮಂಥವರು ಒಪ್ಪಬಹುದಾದ ಲೆಕ್ಕ ಬೇರೆ ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು 2012ರಲ್ಲಿ ದೌರ್ಜನ್ಯಕ್ಕೆ ತುತ್ತಾಗಿ ಬದುಕುಳಿದ ಒಂದು ಮಗುವಿನ ಜೀವಮಾನದ ಖರ್ಚು 2,10,012 ಡಾಲರ್ ಎಂದು ಲೆಕ್ಕ ಹಾಕಿದರು. ಅದನ್ನು ಬಿಡಿಸಿದರೆ ಬಾಲ್ಯದ ವೈದ್ಯಕೀಯ ಖರ್ಚು 32,648, ದೊಡ್ಡವರಾದ ಮೇಲಿನ ವೈದ್ಯಕೀಯ ಖರ್ಚು 10,530, ವಿಶೇಷ ಶಿಕ್ಷಣ 7,999, ಮಕ್ಕಳ ಕಲ್ಯಾಣ ಸೇವೆ 7,728, ಪೊಲೀಸು ಕೋರ್ಟು ಜೈಲು ಸೇರಿ 6,747. ಉಳಿದ 1,44,360 ಡಾಲರ್ ಪೂರ್ತಿ ಆ ಮಗು ಮುಂದೆ ದುಡಿಯಬಹುದಾಗಿದ್ದು ದುಡಿಯಲಾಗದೆ ಹೋದ ಹಣ. ನೂರರಲ್ಲಿ ಸುಮಾರು 69 ಪಾಲು ಅದೊಂದೇ. ಇದರಲ್ಲಿ ಕಣ್ಣೀರಿನ ಬಾಬ್ತು ಎಲ್ಲೂ ಇಲ್ಲ. 2018ರ ಇನ್ನೊಂದು ಅಧ್ಯಯನ ನೋವಿಗೂ ಕುಗ್ಗಿದ ಬದುಕಿಗೂ ಬೆಲೆ ಕಟ್ಟಿ ಸೇರಿಸಿತು. ಆಗ ಅದೇ ಅಂಕಿ 8,30,928 ಡಾಲರಿಗೆ ಏರಿತು. ಎರಡು ಅಂಕಿಗಳ ನಡುವಿನ ಅಂತರ ನೋಡಿದರೆ ನೀವು ಕೇಳಿದ ‘ಕಣ್ಣೀರಿನ ವೋಚರ್’ ಎಷ್ಟು ದೊಡ್ಡದು ಎಂದು ಅಂದಾಜಾಗುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಆದರೆ ಈ ಡಾಲರನ್ನು ಇಂದಿನ ದರದಿಂದ ಗುಣಿಸಿ ‘ಭಾರತದಲ್ಲಿ ಇಷ್ಟು ಕೋಟಿ’ ಎಂದು ಬರೆಯುವವರನ್ನು ನಂಬಬೇಡಿ. ಅಲ್ಲಿಯ ಕೂಲಿ, ಆಸ್ಪತ್ರೆ ದರ, ಸರ್ಕಾರ ಮಾಡುವ ಖರ್ಚು ಎಲ್ಲವೂ ಬೇರೆ. ನಮ್ಮ ಕಡೆಯ ಲೆಕ್ಕವನ್ನು ನಮ್ಮ ದರದಲ್ಲೇ ಹಾಕಬೇಕು. ಉದಾಹರಣೆಗೆ, ರಬಕವಿ-ಬನಹಟ್ಟಿ ಕಡೆಯ ಮಗ್ಗದ ಮನೆಯ ಹದಿಮೂರರ ಹುಡುಗಿ ದೌರ್ಜನ್ಯಕ್ಕೆ ತುತ್ತಾಗಿ ಎಂಟನೇ ತರಗತಿಗೇ ಶಾಲೆ ಬಿಟ್ಟಳು ಎಂದಿಟ್ಟುಕೊಳ್ಳೋಣ. ಓದು ಮುಂದುವರಿದಿದ್ದರೆ ತಿಂಗಳಿಗೆ 15,000 ಬರುವ ಕೆಲಸ, ಬಿಟ್ಟದ್ದರಿಂದ 9,000ದ ಕೂಲಿ. ತಿಂಗಳಿಗೆ 6,000, ವರ್ಷಕ್ಕೆ 72,000 ವ್ಯತ್ಯಾಸ. ಇಪ್ಪತ್ತರಿಂದ ಐವತ್ತೈದರವರೆಗೆ 35 ವರ್ಷಕ್ಕೆ 25 ಲಕ್ಷ 20 ಸಾವಿರ. ಮುಂದೆ ಬರುವ ರೂಪಾಯಿಗೆ ಇಂದಿನ ಬೆಲೆ ಕಡಿಮೆ ಎಂದು ವರ್ಷಕ್ಕೆ ಶೇ 3ರಂತೆ ವಜಾ ಮಾಡಿದರೂ ಇಂದಿನ ಲೆಕ್ಕದಲ್ಲಿ ಸುಮಾರು 12 ಲಕ್ಷ 58 ಸಾವಿರ ನಿಲ್ಲುತ್ತದೆ. ಮಗಳನ್ನು ಕಾಯಲು ತಾಯಿ ಆರು ತಿಂಗಳು ಕೆಲಸ ಬಿಟ್ಟರೆ ತಿಂಗಳಿಗೆ 20 ದಿನ, ದಿನಕ್ಕೆ 400ರಂತೆ 48,000. ಖಾಸಗಿಯಲ್ಲಿ ಹದಿನಾಲ್ಕು ಆಪ್ತಸಮಾಲೋಚನೆ, ಒಂದಕ್ಕೆ 800ರಂತೆ 11,200. ಕೂಲಿ, ಸಂಬಳ, ದರ ಎಲ್ಲ ಉದಾಹರಣೆಗೆ ಹಿಡಿದದ್ದು. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಿ. ಅಂಕಿ ಏನೇ ಹಿಡಿದರೂ ಶಾಲೆ ಬಿಟ್ಟ ಬಾಬ್ತೇ ಮೇಲೆ ಬರುತ್ತದೆ, ಆಸ್ಪತ್ರೆ ಮತ್ತು ಕೋರ್ಟು ಅದರ ಮುಂದೆ ಚಿಲ್ಲರೆ. ಆದ್ದರಿಂದ ಘಟನೆಯ ಮಾರನೆಯ ವಾರ ಮಗು ಶಾಲೆಗೆ ಮರಳುವುದು ಬರೀ ಮರುಕದ ಮಾತಲ್ಲ, ದೊಡ್ಡ ನಷ್ಟವನ್ನು ತಡೆಯುವ ಕೆಲಸ.

ಪ್ರಶ್ನೆ: ನಮ್ಮ ಮಗಳಿಗಿ ಹದಿಮೂರು ವರ್ಷ. ಸಂಬಂಧಿಕರ ಪೈಕಿ ಒಬ್ಬಾಂವ ಆಕಿ ಜೋಡಿ ಕೆಟ್ಟದಾಗಿ ನಡಕೊಂಡಾನ. ನಮಗ ಗೊತ್ತಾಗಿ ನಾಕು ದಿನ ಆತು. ಊರ ಹಿರ್ಯಾರು ‘ಎರಡು ಲಕ್ಷ ಕೊಡಸ್ತೀವಿ, ಮುಗಸಿಬಿಡ್ರಿ. ಕೋರ್ಟು ಕಚೇರಿ ಅಂದ್ರ ಇದ್ದ ಹೊಲಾನೂ ಹೋಗ್ತದ, ಮನಿ ಮಾನಾನೂ ಹೋಗ್ತದ’ ಅನ್ನಾಕತ್ತಾರ. ಕೇಸ್ ಮಾಡಿದ್ರ ಖರೇನ ಅಷ್ಟು ಖರ್ಚ ಬರ್ತದೇನ್ರಿ?
— ಜಮಖಂಡಿ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಪತ್ರ ಕೈಸೇರಿದ ದಿನವೇ ನಿಮ್ಮೊಂದಿಗೆ ಮಾತಾಡಿದ್ದೇವೆ. ಓದಿದ ನಮಗೂ ಪೊಲೀಸರಿಗೆ ತಿಳಿಸುವ ಹೊಣೆ ಕಾನೂನಿನಲ್ಲಿದೆ, ಅದನ್ನು ನಿಮಗೆ ಹೇಳಿಯೇ ಮಾಡಿದ್ದೇವೆ. ಇಲ್ಲಿ ಬರೆಯುತ್ತಿರುವುದು ಇದೇ ಸ್ಥಿತಿಯಲ್ಲಿರುವ ಉಳಿದ ತಾಯಂದಿರಿಗಾಗಿ.

ಮೊದಲು ಖರ್ಚಿನ ಮಾತು. ಇಂಥ ಪ್ರಕರಣ ನಡೆಸುವುದು ಸರ್ಕಾರ, ನೀವಲ್ಲ. ದೂರು ಕೊಡಲು, ಎಫ್‌ಐಆರ್ ಪ್ರತಿಗೆ, ವೈದ್ಯಕೀಯ ತಪಾಸಣೆಗೆ ಒಂದು ಪೈಸೆ ಕೊಡಬೇಕಿಲ್ಲ. ಸರ್ಕಾರಿ ಅಭಿಯೋಜಕರಲ್ಲದೆ ನಿಮ್ಮ ಪರವಾಗಿ ಇನ್ನೊಬ್ಬ ವಕೀಲರು ಬೇಕೆನಿಸಿದರೆ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ಕೊಡುತ್ತದೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕೆ ಆದಾಯದ ಮಿತಿ ಇಲ್ಲ. ಅದರ ಸಹಾಯವಾಣಿ 15100. ನಿಜವಾಗಿ ಕೈಯಿಂದ ಹೋಗುವುದು ದಿನಗೂಲಿ ಮತ್ತು ಓಡಾಟದ ಹಣ. ಸರ್ಕಾರಿ ಬಸ್ಸಿನಲ್ಲಿ ನಿಮಗೂ ಮಗಳಿಗೂ ಶಕ್ತಿ ಯೋಜನೆ ಇದೆ, ಟಿಕೆಟ್ಟಿನ ದುಡ್ಡು ಮಗುವಿನ ತಂದೆಯದಷ್ಟೇ.

ಹಿರಿಯರ ‘ರಾಜಿ’ಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಪೋಕ್ಸೊ ಪ್ರಕರಣವನ್ನು ಎರಡು ಮನೆಯವರು ಕೂತು ಮುಗಿಸಿಕೊಳ್ಳಲು ಬರುವುದಿಲ್ಲ. ಹಾಗೆ ರಾಜಿಯಾಯಿತೆಂದು ರದ್ದಾಗಿದ್ದ ಪ್ರಕರಣವೊಂದನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಜೀವಂತ ಮಾಡಿತು. ವಿಷಯ ಗೊತ್ತಿದ್ದೂ ತಿಳಿಸದವರಿಗೆ ಆರು ತಿಂಗಳವರೆಗೆ ಶಿಕ್ಷೆ ಇದೆ, ಕಟ್ಟೆಯ ಮೇಲೆ ಕೂತ ಹಿರಿಯರೂ ಅದರಲ್ಲಿ ಬರುತ್ತಾರೆ. ಇನ್ನು ಆ ಎರಡು ಲಕ್ಷ. ಅತ್ಯಾಚಾರಕ್ಕೆ ಒಳಗಾದವರಿಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ 4ರಿಂದ 7 ಲಕ್ಷದವರೆಗೆ ಪರಿಹಾರವಿದೆ, ಅಪ್ರಾಪ್ತರಾದರೆ ಅದರ ಮೇಲೆ ಅರ್ಧದಷ್ಟು ಹೆಚ್ಚು. ಅಪರಾಧದ ಸ್ವರೂಪ ನೋಡಿ ಮೊತ್ತ ಏರಿಳಿಯುತ್ತದೆ. ಹೀಗಿರುವಾಗ ಊರ ಹಿರಿಯರು ಎರಡು ಲಕ್ಷಕ್ಕೆ ‘ಮುಗಿಸುವುದು’ ಯಾರ ಉಳಿತಾಯಕ್ಕೆ ಎಂದು ಕೇಳಬೇಕಾದೀತು.

ಮಾಡಬೇಕಾದ್ದು ಹೀಗೆ. 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ಠಾಣೆಗೆ ಹೋಗಿ. ‘ನಮ್ಮ ಹದ್ದಿಗೆ ಬರೋದಿಲ್ಲ’ ಎಂದು ಸಾಗಹಾಕುವಂತಿಲ್ಲ, ಯಾವ ಠಾಣೆಯಾದರೂ ಶೂನ್ಯ ಎಫ್‌ಐಆರ್ ದಾಖಲಿಸಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು. ಆದಷ್ಟು ಮಟ್ಟಿಗೆ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತಾಂಡಾದ ಮಗುವಿಗೆ ಲಂಬಾಣಿ, ಗಡಿ ಕಡೆಯ ಮಗುವಿಗೆ ಮರಾಠಿ ಬಲ್ಲವರನ್ನು ಕರೆಸಿರಿ ಎಂದು ಕೇಳುವ ಹಕ್ಕು ನಿಮಗಿದೆ. ಅರ್ಧಂಬರ್ಧ ಕನ್ನಡದಲ್ಲಿ ಬರೆದ ಹೇಳಿಕೆಯೇ ಮುಂದೆ ಪಾಟೀಸವಾಲಿನಲ್ಲಿ ಕಾಲಿಗೆ ತೊಡರುತ್ತದೆ.

ಆಸ್ಪತ್ರೆಗೆ ಹೋಗಲು ಎಫ್‌ಐಆರ್ ಕಾಯಬೇಡಿ. ಸರ್ಕಾರಿಯಿರಲಿ ಖಾಸಗಿಯಿರಲಿ, ಪೊಲೀಸರ ಪತ್ರ ಕೇಳದೆ ಪ್ರಥಮ ಚಿಕಿತ್ಸೆಯನ್ನು ಪುಕ್ಕಟೆ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾದರಷ್ಟೇ ಉಪಯೋಗ, ಅದೂ 28 ದಿನ ತಪ್ಪದೆ ನುಂಗಬೇಕು. ಮೈ ತೊಳೆಯದೆ ಹೋದರೆ ಸಾಕ್ಷ್ಯ ಉಳಿಯುತ್ತದೆ. ಅಂದು ಉಟ್ಟ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಪಸೆ ನಿಂತು ಬೂಸು ಹಿಡಿದು ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಾರದಂತಾಗುತ್ತದೆ. ನಾಲ್ಕು ದಿನ ಕಳೆದಿದ್ದರೂ, ಬಟ್ಟೆ ಒಗೆದಿದ್ದರೂ ಹೋಗಿ. ತಡವಾದ ಮಾತ್ರಕ್ಕೆ ಪ್ರಕರಣ ಬೀಳುವುದಿಲ್ಲ.

ಕಾಗದಪತ್ರದಲ್ಲಿ ನಮ್ಮ ಭಾಗದಲ್ಲಿ ಹೆಚ್ಚಾಗಿ ಎಡವುವುದು ವಯಸ್ಸಿನ ದಾಖಲೆಯಲ್ಲಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅರ್ಧ ಊರಿನ ಮಕ್ಕಳಿಗೆ ಜೂನ್ 1 ಎಂದೇ ಜನ್ಮದಿನ ಬರೆದಿರುತ್ತಾರೆ, ಪಂಚಾಯಿತಿಯ ಜನನ ಪ್ರಮಾಣಪತ್ರದಲ್ಲಿ ಬೇರೆಯೇ ತಾರೀಖು ಇರುತ್ತದೆ. ಕಾನೂನು ಮೊದಲು ಶಾಲೆಯ ದಾಖಲೆ ನೋಡುತ್ತದೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಎಲುಬಿನ ಪರೀಕ್ಷೆ. ಹದಿನಾರು ಹದಿನೇಳರ ಮಕ್ಕಳ ಪ್ರಕರಣದಲ್ಲಿ ಎದುರಿನ ವಕೀಲರು ಹಿಡಿಯುವುದೇ ಈ ವ್ಯತ್ಯಾಸವನ್ನು. ಎರಡೂ ದಾಖಲೆಯನ್ನು ಮೊದಲ ದಿನವೇ ಸರ್ಕಾರಿ ವಕೀಲರ ಕೈಗೆ ಕೊಡಿ. ಬಚ್ಚಿಡಬೇಡಿ, ತಿದ್ದಿಸಲಂತೂ ಹೋಗಲೇಬೇಡಿ.

ಇನ್ನು ಹಣ ಬರುವ ದಾರಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಊಟ, ಬಟ್ಟೆ, ಓಡಾಟದಂಥ ತುರ್ತಿಗೆ ‘ವಿಶೇಷ ಪರಿಹಾರ’ ಕೊಡಿರೆಂದು ಸಮಿತಿ ಶಿಫಾರಸು ಮಾಡಿದರೆ ವಾರದೊಳಗೆ ಹಣ ಬರಬೇಕು ಎನ್ನುತ್ತವೆ 2020ರ ಪೋಕ್ಸೊ ನಿಯಮಗಳು. ಯಾರೂ ತಾವಾಗಿ ಕೊಡುವುದು ಕಡಿಮೆ, ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಕೇಳಬೇಕು. ಮಧ್ಯಂತರ ಪರಿಹಾರವನ್ನು ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯದಲ್ಲಿ ಕೇಳಬಹುದು, ಆದೇಶ ಸಿಕ್ಕ 30 ದಿನದೊಳಗೆ ಸರ್ಕಾರ ಕೊಡಬೇಕು. ಆರೋಪಿ ಬಿಡುಗಡೆಯಾದರೂ, ಸಿಗದೇ ಹೋದರೂ ಮಗುವಿಗೆ ನಷ್ಟವಾಗಿದ್ದರೆ ಪರಿಹಾರ ಕೊಡಲು ಬರುತ್ತದೆ. ಅಪ್ರಾಪ್ತರ ಹಣದಲ್ಲಿ ಶೇ 80 ಠೇವಣಿಯಲ್ಲಿರುತ್ತದೆ, ಓದಿಗೋ ಔಷಧಕ್ಕೋ ಬೇಕಾದರೆ ಕಾರಣ ತೋರಿಸಿ ತೆಗೆಯಬಹುದು. ದೌರ್ಜನ್ಯಕ್ಕೊಳಗಾದ ಮಗು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ತಿಂಗಳ 4,000 ರೂಪಾಯಿ ಪ್ರಾಯೋಜಕತ್ವಕ್ಕೂ ಅರ್ಹ. ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಮಗು ಪರಿಶಿಷ್ಟ ಜಾತಿ ಅಥವಾ ಪಂಗಡದ್ದು, ಆರೋಪಿ ಆ ಎರಡಕ್ಕೂ ಸೇರದವನು ಎಂದಾದರೆ ದೌರ್ಜನ್ಯ ತಡೆ ಕಾಯ್ದೆಯ ಪರಿಹಾರ ಬೇರೆಯೇ ಇದೆ, ಜಾತಿ ಪ್ರಮಾಣಪತ್ರ ಸಿದ್ಧವಿರಲಿ.

ಒಂದು ನಲವತ್ತು ಪುಟದ ನೋಟ್‌ಬುಕ್ ಇಡಿ. ತಾರೀಖು, ಹೋದ ಜಾಗ, ಬಸ್ಸು-ಟಂಟಂ ಖರ್ಚು, ತಪ್ಪಿದ ಕೂಲಿ, ಔಷಧದ ಬಿಲ್ಲು, ಮಗು ಶಾಲೆ ತಪ್ಪಿಸಿದ ದಿನ ಎಲ್ಲ ಅದರಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಹೆಡ್‌ಮಾಸ್ತರರಿಂದ ಹಾಜರಿಯ ಪತ್ರ ತೆಗೆದುಕೊಳ್ಳಿ. ಅದೇ ಪೋಕ್ಸೊ ನಿಯಮಗಳಲ್ಲಿ 9ನೆಯದು ಪರಿಹಾರ ನಿಗದಿಮಾಡುವಾಗ ನ್ಯಾಯಾಲಯ ನೋಡಬೇಕಾದ್ದರಲ್ಲಿ ಚಿಕಿತ್ಸೆಯ ಖರ್ಚು, ತಪ್ಪಿದ ದುಡಿಮೆ, ಆಘಾತದಿಂದಲೋ ತನಿಖೆ-ವಿಚಾರಣೆಯಿಂದಲೋ ತಪ್ಪಿದ ಶಾಲೆ ಇವನ್ನು ಹೆಸರು ಹಿಡಿದು ಹೇಳುತ್ತದೆ. ಲೆಕ್ಕ ಇಟ್ಟವರು ಅದನ್ನು ಮುಂದಿಟ್ಟು ಕೇಳಬಹುದು. ಇಡದವರಿಗೆ ನ್ಯಾಯಾಧೀಶರು ತೋಚಿದಷ್ಟು ಕೊಡುತ್ತಾರೆ.

ಪ್ರಶ್ನೆ: ನಮ್ಮ ಖಾಸಗಿ ಶಾಲೆಯ ವಾಹನದ ಕ್ಲೀನರ್ ಬಗ್ಗೆ ನಾಲ್ಕನೇ ತರಗತಿಯ ಬಾಲಕನೊಬ್ಬ ತನ್ನ ಟೀಚರ್ ಹತ್ತಿರ ಹೇಳಿದ್ದಾನೆ. ಆಡಳಿತ ಮಂಡಳಿಯವರು ‘ಕ್ಲೀನರನ್ನ ತೆಗೆದುಹಾಕೋಣ, ಪ್ರಕರಣ ಬೇಡ, ಪ್ರವೇಶ ಸಮಯ’ ಎನ್ನುತ್ತಾರೆ. ಮುಖ್ಯೋಪಾಧ್ಯಾಯನಾಗಿ ನನ್ನ ಹೊಣೆ ಏನು?
— ಸಿಂದಗಿ ತಾಲ್ಲೂಕು

ಉತ್ತರ: ಗುರುಗಳೇ, ಇವತ್ತೇ ಠಾಣೆಗೆ ಬರೆದು ಕೊಡಿ. ಪೋಕ್ಸೊ ಕಾಯ್ದೆಯ 21ನೇ ಕಲಮಿನ ಎರಡನೇ ಉಪಕಲಮು ಸಂಸ್ಥೆಯ ಹೊಣೆ ಹೊತ್ತವರಿಗೆ ಬೇರೆಯೇ ಶಿಕ್ಷೆ ಇಟ್ಟಿದೆ. ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಂಡಳಿಯ ಠರಾವು ನಿಮ್ಮನ್ನು ಉಳಿಸುವುದಿಲ್ಲ. ಆರೋಪ ಖರೆಯೋ ಸುಳ್ಳೋ ಎಂದು ನೀವು ತೀರ್ಮಾನಿಸಬೇಕಿಲ್ಲ, ಅದು ಪೊಲೀಸರ ಕೆಲಸ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ನಡೆಯುವುದಿಲ್ಲ.

ಹುಡುಗ ಹೇಳಿದ ಮಾತನ್ನು ಅವನದೇ ಶಬ್ದದಲ್ಲಿ, ತಾರೀಖು ವೇಳೆ ಹಾಕಿ, ಕೇಳಿಸಿಕೊಂಡ ಆ ಟೀಚರೇ ಬರೆದು ಸಹಿ ಮಾಡಲಿ. ‘ಅಸಭ್ಯ ವರ್ತನೆ’ ಎಂದು ನಯಗೊಳಿಸಿ ಬರೆದರೆ ಸಾಕ್ಷ್ಯ ಸಪ್ಪೆಯಾಗುತ್ತದೆ. ಸ್ಟಾಫ್ ರೂಮಿಗೆ ಕರೆಸಿ ‘ಇನ್ನೊಮ್ಮೆ ಹೇಳು’ ಎಂದು ಕೇಳಬೇಡಿ. ಹತ್ತು ಜನ ಹತ್ತು ಸಲ ಕೇಳಿದರೆ ಮಗು ಹತ್ತು ಬಗೆಯಾಗಿ ಹೇಳುತ್ತದೆ, ಆ ವ್ಯತ್ಯಾಸವೇ ಆರೋಪಿಗೆ ಸಿಗುವ ಆಯುಧ. ಕ್ಲೀನರನ್ನು ಮಗುವಿನ ಎದುರು ನಿಲ್ಲಿಸಬೇಡಿ, ಕೆಲಸದಿಂದ ತೆಗೆದು ಊರು ಬಿಡಲು ಅವಕಾಶವನ್ನೂ ಕೊಡಬೇಡಿ. ಸಿಸಿಟಿವಿ ಇದ್ದರೆ ಇಂದೇ ದೃಶ್ಯ ತೆಗೆದಿಡಿಸಿ. ಎಷ್ಟೋ ಯಂತ್ರಗಳು ಹದಿನೈದು ಇಪ್ಪತ್ತು ದಿನಕ್ಕೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ. ವಾಹನದ ಹಾಜರಿ ಪುಸ್ತಕ, ಕ್ಲೀನರನ ನೇಮಕದ ಕಾಗದ, ಪೊಲೀಸ್ ಪರಿಶೀಲನೆಯ ಪತ್ರ ಒಂದು ಫೈಲಿಗೆ ಹಾಕಿ. ಪರಿಶೀಲನೆ ಮಾಡಿಸಿಯೇ ಇಲ್ಲವಾದರೆ ಹಿಂದಿನ ತಾರೀಖು ಹಾಕಿ ಸೃಷ್ಟಿಸಬೇಡಿ.

ಪ್ರವೇಶ ಕಡಿಮೆಯಾಗಬಹುದು, ಇಲ್ಲ ಎನ್ನಲಾರೆವು. ಮುಚ್ಚಿಟ್ಟದ್ದು ಆರು ತಿಂಗಳ ಮೇಲೆ ಹೊರಬಿದ್ದರೆ ಆಗುವಷ್ಟು ಮಾತ್ರ ಆಗಲಾರದು. ಬಾಲಕನಿಗೆ ‘ಟಿಸಿ ತಗೊಂಡು ಹೋಗಿ’ ಎಂಬ ಸೂಚನೆ ಯಾರ ಬಾಯಿಂದಲೂ ಬರದ ಹಾಗೆ ನೋಡಿಕೊಳ್ಳಿ. ಅದಂತೂ ಎರಡನೆಯ ಏಟು.

ಪ್ರಶ್ನೆ: ನಾವು ಗಂಡ ಹೆಂಡತಿ ದೀಪಾವಳಿ ಸುಮಾರಿಗೆ ಕಬ್ಬಿನ ಗ್ಯಾಂಗಿಗೆ ಹೋದರೆ ಬರುವುದು ಯುಗಾದಿಗೆ. ಹದಿನಾಲ್ಕರ ಮಗಳನ್ನು ಮುದುಕಿ ತಾಯಿ ಹತ್ತಿರ ಬಿಡಲು ಹೆದರಿಕೆ. ಗುಡಿಸಲಿಗೆ ಕರೆದೊಯ್ಯಲೂ ಹೆದರಿಕೆ. ಬಸವ ಜಯಂತಿಗೆ ಸಾಮೂಹಿಕ ಮದುವೆಯಲ್ಲಿ ಲಗ್ನ ಮಾಡಿಬಿಡಿ, ಖರ್ಚೂ ಉಳಿಯುತ್ತದೆ ಎನ್ನುತ್ತಾರೆ ಎಲ್ಲರೂ.
— ಇಂಡಿ ತಾಲ್ಲೂಕು

ಉತ್ತರ: ಅಣ್ಣಾ, ನಿಮ್ಮ ಹೆದರಿಕೆಗೆ ಕಾರಣವಿದೆ. ಲಗ್ನ ಅದಕ್ಕೆ ಪರಿಹಾರವಲ್ಲ, ಖರ್ಚು ಉಳಿಯುವುದೂ ಸುಳ್ಳು. ಕರ್ನಾಟಕದ ತಿದ್ದುಪಡಿಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಆಗಿಯೇ ಇಲ್ಲ. ಮಾಡಿದವರಿಗೆ, ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಹೆಂಡತಿ ಎಂಬ ನೆಪ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ, ಅಳಿಯನ ಮೇಲೆ ಪೋಕ್ಸೊ ಬೀಳುತ್ತದೆ. ಇದು ಹೊರಗೆ ಬರುವುದು ಎಲ್ಲಿ ಗೊತ್ತೇ? ಬಸಿರಾಗಿ ಮೊದಲ ಸಲ ತಾಯಿ ಕಾರ್ಡ್ ಮಾಡಿಸಲು ಹೋದಾಗ. ಹದಿನೈದು ಎಂದು ಗೊತ್ತಾದರೆ ವೈದ್ಯರು ತಿಳಿಸಲೇಬೇಕು. ಆಗ ಕೇಸಿಗೆ ಅಂಜಿ ಹೆರಿಗೆಯನ್ನು ಮನೆಯಲ್ಲೇ ಮಾಡಿಸಲು ಹೋಗುತ್ತಾರೆ, ಬೆಳೆಯದ ಮೈ, ರಕ್ತಹೀನತೆ, ಅಲ್ಲೇ ಜೀವ ಹೋಗುವುದು.

ನಿಮ್ಮದು ಬಿಪಿಎಲ್ ಕಾರ್ಡಿನ ಮನೆಯಾಗಿ, ಹುಟ್ಟಿದಾಗ ಭಾಗ್ಯಲಕ್ಷ್ಮಿ ಬಾಂಡ್ ಮಾಡಿಸಿದ್ದರೆ ಅದನ್ನು ಪೆಟ್ಟಿಗೆಯಿಂದ ತೆಗೆದು ಓದಿಸಿ. ಹದಿನೆಂಟಕ್ಕೆ ಸುಮಾರು ಒಂದು ಲಕ್ಷ ರೂಪಾಯಿ ಬರುವುದು ಅದಕ್ಕೂ ಮೊದಲು ಮದುವೆಯಾಗದಿದ್ದರೆ ಮತ್ತು ಕನಿಷ್ಠ ಎಂಟನೇ ತರಗತಿ ಓದಿದ್ದರೆ ಮಾತ್ರ. ಈಗ ಲಗ್ನ ಮಾಡಿದರೆ ಆ ಲಕ್ಷ ಅಂದೇ ಹೋಯಿತು.

ಇರುವ ದಾರಿ ವಸತಿ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಬಾಲಕಿಯರ ಹಾಸ್ಟೆಲು, ವಲಸೆ ಹೋಗುವವರ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ನಡೆಯುವ ಋತುಮಾನದ ವಸತಿ. ಎಲ್ಲರೂ ತಪ್ಪುವುದು ವೇಳೆಯಲ್ಲಿ. ಗ್ಯಾಂಗ್ ಕರೆದೊಯ್ಯುವ ಮುಕಾದಮನ ಮುಂಗಡ ಕೈಗೆ ಬಂದ ಮೇಲೆ ಹಾಸ್ಟೆಲ್ ಹುಡುಕಿದರೆ ಸೀಟು ತುಂಬಿರುತ್ತದೆ. ಶಾಲೆ ಶುರುವಾಗುವ ಜೂನ್‌ನಲ್ಲೇ ಬಿಇಒ ಕಚೇರಿಗೆ ಹೋಗಿ ‘ನಾವು ವಲಸೆ ಹೋಗುವವರು’ ಎಂದು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಜ್ಜಿ ಮನೆಯೇ ಗತಿ ಎಂದಾದರೆ ಶಾಲೆಯ ಒಬ್ಬ ಶಿಕ್ಷಕಿ ಮತ್ತು ಆಶಾ ಕಾರ್ಯಕರ್ತೆಗೆ ನೀವಿರುವ ಕಾರ್ಖಾನೆ, ಗ್ಯಾಂಗಿನ ಫೋನ್ ನಂಬರು ಕೊಟ್ಟು ಹೋಗಿ. ಮೂರು ದಿನ ಶಾಲೆಗೆ ಬರದಿದ್ದರೆ ಫೋನ್ ಮಾಡಿರಿ ಎಂದು ಹೇಳಿಟ್ಟಿರಿ.

ಪ್ರಶ್ನೆ: ನಾವೆಲ್ಲ ಗುರುಗಳ ಕೈಲಿ ಏಟು ತಿಂದೇ ಮಗ್ಗ ಕಲಿತವರು. ಈಗ ಒಂದೇಟು ಹೊಡೆದರೂ ದೌರ್ಜನ್ಯ ಎನ್ನುತ್ತೀರಿ. ಇದು ಅತಿಯಾಗಲಿಲ್ಲವೇ?
— ಇಳಕಲ್ಲ

ಉತ್ತರ: ನೀವು ಮಗ್ಗ ಕಲಿತದ್ದು ಏಟಿನಿಂದಲೋ, ದಿನಕ್ಕೆ ಎಂಟು ತಾಸು ಕೂತದ್ದರಿಂದಲೋ? 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 75 ಅಧ್ಯಯನಗಳ, 1,60,927 ಮಕ್ಕಳ ಮಾಹಿತಿಯನ್ನು ಒಟ್ಟು ಹಾಕಿ ನೋಡಿತು. ಗಾಯವಾಗದ ಬರೀ ಪೆಟ್ಟಿನ ಜೊತೆಗೂ ಬಂದದ್ದು ಹೆಚ್ಚಿನ ಹಟ, ಹೆಚ್ಚಿನ ಆಕ್ರಮಣ, ಮಂಕು, ತಂದೆತಾಯಿಯೊಡನೆ ಕೆಟ್ಟ ಸಂಬಂಧ. ಒಳ್ಳೆಯದು ಯಾವುದೂ ಜೊತೆಗೆ ಬರಲಿಲ್ಲ. ಶಾಲೆಯಲ್ಲಿ ಹೊಡೆಯುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಂತೆ ನಿಷಿದ್ಧ. ಮನೆಯಲ್ಲಿ ಒಂದೇಟಿಗೆ ಯಾರೂ ಠಾಣೆಗೆ ಎಳೆಯುವುದಿಲ್ಲ. ಬರೆ ಹಾಕುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು ಬಾಲನ್ಯಾಯ ಕಾಯ್ದೆಯ 75ನೇ ಕಲಮಿಗೆ ಬರುತ್ತದೆ, ಮೂರು ವರ್ಷದವರೆಗೆ ಶಿಕ್ಷೆ.

ಪ್ರಶ್ನೆ: ನನಗೆ ಇಪ್ಪತ್ತೇಳು. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ. ಚಿಕ್ಕವನಿದ್ದಾಗ ನನ್ನ ಮೇಲೆ ಆದದ್ದನ್ನು ಯಾರಿಗೂ ಹೇಳಿಲ್ಲ, ಗಂಡು ಹುಡುಗನ ಮಾತು ಯಾರು ನಂಬುತ್ತಾರೆ? ಮೇಲಿನವರು ದನಿ ಏರಿಸಿದರೆ ಕೈ ನಡುಗುತ್ತದೆ. ಮೂರು ಕಡೆ ಕೆಲಸ ಬಿಟ್ಟೆ. ಈಗ ಏನಾದರೂ ಮಾಡಲು ಬರುತ್ತದೆಯೇ?
— ಬೆಳಗಾವಿ

ಉತ್ತರ: ತಮ್ಮಾ, ಬರುತ್ತದೆ. ಕೇಂದ್ರ ಸರ್ಕಾರ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯ ಆಗಿದೆ ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ 52.94, ಹುಡುಗರೇ. ನೆರೆಯ ಮಹಾರಾಷ್ಟ್ರ, ಗೋವಾ ಅದರಲ್ಲಿದ್ದವು. ನಿಮ್ಮಂಥವರು ಕಡಿಮೆಯಿಲ್ಲ, ಹೇಳುವವರು ಕಡಿಮೆ.

ಕೆಲಸ ನಿಲ್ಲದಿರುವುದು ನಿಮ್ಮ ಸೋಮಾರಿತನವಲ್ಲ. ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಆದದ್ದು ಕೋರ್ಟಿನಲ್ಲಿ ದಾಖಲಾಗಿದ್ದವರನ್ನು ನಡುವಯಸ್ಸಿನವರೆಗೆ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರಿಗೂ ಅಂಥದೇ ಹಿನ್ನೆಲೆಯ ಉಳಿದವರಿಗೂ ಉದ್ಯೋಗದಲ್ಲಿರುವ ಸಾಧ್ಯತೆಯಲ್ಲಿ ಶೇ 14ರ ಅಂತರ ಅದರಲ್ಲಿ ಕಂಡಿತು. ಗದರಿದ ದನಿಗೆ ಮೈ ಹಳೆಯ ಅಪಾಯವೆಂದೇ ತಿಳಿದು ಎದ್ದು ನಿಲ್ಲುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇವೆ. ಕಾರ್ಮಿಕರ ವಿಮೆ ಇಎಸ್‌ಐ ಇದ್ದರೆ ಚಿಕಿತ್ಸೆ ಅದರಲ್ಲೇ ಆಗುತ್ತದೆ, ವೈದ್ಯರು ರಜೆ ಬರೆದರೆ ಸಂಬಳದ ಶೇ 70ರಂತೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೆಲಸ ಬಿಡುವ ಮೊದಲು ಅದನ್ನು ವಿಚಾರಿಸಿ, ಬಿಟ್ಟು ಬಂದ ಮೇಲೆ ಕೇಳಿದರೆ ಕಷ್ಟ. ನಿದ್ದೆಗೆಂದು ಕುಡಿಯುತ್ತಿದ್ದರೆ ಅದನ್ನೂ ಮೊದಲ ಭೇಟಿಯಲ್ಲೇ ಹೇಳಿಬಿಡಿ, ಔಷಧ ಆರಿಸುವುದು ಅದರ ಮೇಲೆ ನಿಂತಿದೆ.

ದೂರಿನ ವಿಷಯ: ಪೋಕ್ಸೊ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಆಮೇಲಿನ ಘಟನೆಯಾದರೆ ಆ ಕಾಯ್ದೆ, ಮೊದಲಿನದಾದರೆ ಆಗಿದ್ದ ದಂಡಸಂಹಿತೆ ಅನ್ವಯ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಕಾಲಮಿತಿ ಇಲ್ಲ, ದೊಡ್ಡವರಾದ ಮೇಲೂ ದೂರಬಹುದೆಂದು ಕೇಂದ್ರವೇ 2018ರಲ್ಲಿ ಸ್ಪಷ್ಟಪಡಿಸಿದೆ. ಸಾಕ್ಷ್ಯ ಕಷ್ಟ, ಸುಳ್ಳು ಭರವಸೆ ಕೊಡಲಾರೆವು. ಆದರೆ ಆ ಮನುಷ್ಯ ಇಂದಿಗೂ ಮಕ್ಕಳ ನಡುವೆ ಓಡಾಡಿಕೊಂಡಿದ್ದರೆ ಇವತ್ತೇ 1098ಕ್ಕೆ ತಿಳಿಸಿ. ಚಿಕಿತ್ಸೆ ಮುಗಿಯಲಿ ಎಂದು ಕಾಯಬೇಡಿ.

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೇನೆ. ಮಕ್ಕಳ ರಕ್ಷಣೆಗೆಂದು ಬೇರೆ ದುಡ್ಡೇ ಇಲ್ಲ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
— ಸವದತ್ತಿ ತಾಲ್ಲೂಕು

ಉತ್ತರ: ಅಕ್ಕಾ, ಮೊದಲು ಬಾಲಕಿಯರ ಶೌಚಾಲಯದ ಒಳಚಿಲಕ ನೋಡಿ ಬನ್ನಿ, ಕೆಲವು ನೂರು ರೂಪಾಯಿಯ ಕೆಲಸ. ಆಮೇಲೆ ಟ್ಯೂಷನ್ನಿನಿಂದ ಮಕ್ಕಳು ಸಂಜೆ ಮರಳುವ ದಾರಿಯಲ್ಲಿ ಯಾವ ಕಂಬದ ದೀಪ ಕೆಟ್ಟಿದೆ ಎಂದು ಮಕ್ಕಳನ್ನೇ ಕೇಳಿ. ನವೆಂಬರಿನ ಮಕ್ಕಳ ಗ್ರಾಮಸಭೆ ಹಾರ-ಭಾಷಣದಲ್ಲಿ ಮುಗಿಯದಿರಲಿ. ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಚೀಟಿ ಕೊಟ್ಟು ಹೆಸರಿಲ್ಲದೆ ಬರೆಸಿ, ಪೆಟ್ಟಿಗೆಯ ಕೀಲಿ ಶಾಲೆಯವರ ಬದಲು ಹೊರಗಿನ ಒಬ್ಬ ಮಹಿಳಾ ಅಧಿಕಾರಿಯ ಹತ್ತಿರ ಇರಲಿ. ಕಬ್ಬಿಗೆ, ಇಟ್ಟಿಗೆ ಭಟ್ಟಿಗೆ, ಗೋವಾಕ್ಕೆ ಹೋಗುವ ಮನೆಗಳ ಪಟ್ಟಿಯನ್ನು ದಸರೆಗೆ ಮುಂಚೆ ಮಾಡಿ ಶಾಲೆಗೂ ಅಂಗನವಾಡಿಗೂ ಒಂದೊಂದು ಪ್ರತಿ ಕೊಡಿ.

ಸಾಮೂಹಿಕ ವಿವಾಹವಿದ್ದರೆ ಹದಿನೈದು ದಿನ ಮೊದಲೇ ಪಿಡಿಒ ಎಲ್ಲ ಜೋಡಿಗಳ ವಯಸ್ಸಿನ ದಾಖಲೆ ನೋಡಲಿ. ಆಧಾರ್ ಸಾಲದು, ಅದರಲ್ಲಿ ವಯಸ್ಸು ಹೇಳಿದಂತೆ ಬರೆಸಿದ್ದು ಬೇಕಾದಷ್ಟಿದೆ. ನಿಮ್ಮ ತಾಲ್ಲೂಕಿನಲ್ಲಿ ಯಲ್ಲಮ್ಮನ ಗುಡ್ಡ ಇರುವುದರಿಂದ ಇನ್ನೊಂದು ಮಾತು. ಹುಡುಗಿಯನ್ನು ದೇವದಾಸಿಯಾಗಿ ದೇವರಿಗೆ ಬಿಡುವುದು 1982ರ ಕಾಯ್ದೆಯಿಂದಲೇ ಅಪರಾಧ, ಆ ಕಾಯ್ದೆ ಬಿಟ್ಟ ತಂದೆತಾಯಿಗೆ ಇನ್ನೂ ಹೆಚ್ಚಿನ ಶಿಕ್ಷೆ ಇಟ್ಟಿತ್ತು. ಈಗ ಅದು ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುವುದಿಲ್ಲ. ಊರಲ್ಲೇ, ಮನೆಯೊಳಗೆ, ರೋಗವೋ ಜಡೆಗಟ್ಟಿದ ಕೂದಲೋ ನೆಪವಾಗಿ ನಡೆಯುತ್ತದೆ. ಹುಡುಗಿಯ ತಲೆಯಲ್ಲಿ ಜಡೆ ಕಂಡಿತು ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆ ಮನೆಗೆ ಹೋಗಿ, ಬಾಚಣಿಗೆ, ಕೊಬ್ಬರಿ ಎಣ್ಣೆ, ಬೇಕಾದರೆ ಕತ್ತರಿ ಸಮೇತ. ಮನೆಯವರು ಒಪ್ಪದಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ಬರೆದು ತಿಳಿಸಿ, ಮುಂದಿನ ಹುಣ್ಣಿಮೆಯವರೆಗೆ ಬಿಡಬೇಡಿ.